ಡಿಸ್ಕಸ್‌ ಜೊತೆ ‘ಅಬೌಟ್‌’ ಬೇಕಾ?

ಪ್ಲೇಸ್‌ಮೆಂಟ್‌ ಸೀಸನ್‌ ಹತ್ತಿರ ಬಂತೆಂದರೆ ನಮ್ಮ ಎಂಜಿನಿಯರಿಂಗ್‌ ಹಾಸ್ಟೆಲ್‌ನಲ್ಲಿ ಗ್ರೂಪ್‌ ಡಿಸ್ಕಷನ್‌ ತಾಲೀಮು ಶುರು. ಅಲ್ಲಿ ನನ್ನ ಕಿವಿಗೆ ಮತ್ತೆ ಮತ್ತೆ ಬೀಳುವ ವಾಕ್ಯ, ‘ಲೆಟ್‌ ಅಸ್‌ ಡಿಸ್ಕಸ್‌ ಅಬೌಟ್‌ ದಿಸ್‌ ಟಾಪಿಕ್‌’. ಕೇಳಲು ಸರಿಯಾಗಿಯೇ ಇದೆ. ಆದರೆ ವ್ಯಾಕರಣ ಒಪ್ಪುವುದಿಲ್ಲ. ‘ಲೆಟ್‌ ಅಸ್‌ ಡಿಸ್ಕಸ್‌ ದಿಸ್‌ ಟಾಪಿಕ್‌’ ಎಂದರೆ ಸಾಕು.

‘ಕನ್ನಡ ಮೀಡಿಯಂನವರು ಕನ್ನಡದಲ್ಲೇ ಯೋಚಿಸ್ತಾರೆ, ಅದಕ್ಕೇ ಈ ತಪ್ಪು’ ಎನ್ನುವವರಿದ್ದಾರೆ. ಇಂಥ ಮಾತು ಕೇಳಿಸಿಕೊಂಡ ನನ್ನ ಗೆಳೆಯನೊಬ್ಬ ತಾಲೀಮಿನಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದ. ಪರೀಕ್ಷೆಯ ಹಿಂದಿನ ರಾತ್ರಿ ನಮಗೆಲ್ಲ ಲೆಕ್ಕ ಹೇಳಿಕೊಡುವವನು ಅವನೇ! ನನಗಂತೂ ಈ ತಪ್ಪಿಗೆ ಮದ್ದು ಕನ್ನಡದಲ್ಲೇ ಇದೆ ಅನ್ನಿಸುತ್ತದೆ.

ಹೈಸ್ಕೂಲಿನ ವಿಭಕ್ತಿ ಪ್ರತ್ಯಯಗಳು ನೆನಪಿವೆಯೇ? ನಾವು ‘ಫೀಸಿನ ಬಗ್ಗೆ ಮಾತನಾಡಿದೆವು’ ಎನ್ನುತ್ತೇವೆ, ‘ಫೀಸನ್ನು ಮಾತನಾಡಿದೆವು’ ಎನ್ನುವುದಿಲ್ಲ. ಟಾಕ್‌, ಸ್ಪೀಕ್‌ ಕೂಡ ಹೀಗೆಯೇ. ಯಾವ ವಿಷಯ ಎಂದು ಹೇಳಲು ಅವಕ್ಕೆ ಅಬೌಟ್‌ ಬೇಕು. ಆದರೆ ‘ಚರ್ಚಿಸು’ ಸಕರ್ಮಕ ಧಾತು. ‘ಸಮಸ್ಯೆಯ ಬಗ್ಗೆ ಚರ್ಚಿಸಿದೆವು’ ಎಂದರೂ ಸರಿ, ‘ಸಮಸ್ಯೆಯನ್ನು ಚರ್ಚಿಸಿದೆವು’ ಎಂದರೂ ಸರಿ. ಡಿಸ್ಕಸ್‌ಗೆ ಒಗ್ಗುವುದು ಈ ‘ಅನ್ನು’ ಮಾತ್ರ. ಮೆನ್ಷನ್‌, ಡಿಸ್ಕ್ರೈಬ್‌ ಕ್ರಿಯಾಪದಗಳೂ ಇದೇ ಗುಂಪಿನವು: ಹೆಸರನ್ನು ಪ್ರಸ್ತಾಪಿಸು, ಘಟನೆಯನ್ನು ವರ್ಣಿಸು. ಇಲ್ಲೂ ಅಬೌಟ್‌ ಬೇಡ.

ಡಿಸ್ಕಷನ್‌ ಎಂಬ ನಾಮಪದದ ಕಥೆ ಬೇರೆ. ‘ಫೀಸಿನ ಬಗ್ಗೆ ಚರ್ಚೆ’ ಎನ್ನುವಂತೆ ‘ಎ ಡಿಸ್ಕಷನ್‌ ಅಬೌಟ್‌ ಫೀಸ್‌’ ಸರಿಯಾದ ಇಂಗ್ಲಿಷೇ. ಯಾರ ಜೊತೆ ಚರ್ಚಿಸಿದಿರಿ ಎಂದು ಹೇಳಬೇಕಾದರೆ ‘ವಿತ್‌’ ಬಳಸಿ: ‘ಐ ಡಿಸ್ಕಸ್ಡ್‌ ದ ಪ್ರಾಜೆಕ್ಟ್‌ ವಿತ್‌ ಮೈ ಗೈಡ್‌’.

ಅಂದಹಾಗೆ, ‘ಡಿಸ್ಕಸ್‌ ಅಬೌಟ್‌’ ಕನ್ನಡಿಗರ ಸ್ವತ್ತೇನೂ ಅಲ್ಲ. ಸಿಂಗಪುರ, ನೈಜೀರಿಯಾದ ಇಂಗ್ಲಿಷಿನಲ್ಲೂ ಅದು ಕೇಳಿಬರುತ್ತದೆ. ‘ಟಾಕ್‌ ಅಬೌಟ್‌’, ‘ಡಿಸ್ಕಷನ್‌ ಅಬೌಟ್‌’ ಸರಿಯಾಗಿರುವಾಗ ‘ಡಿಸ್ಕಸ್‌ ಅಬೌಟ್‌’ ಯಾಕಾಗಬಾರದು ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಇದರಲ್ಲಿ ನಾಚಿಕೊಳ್ಳುವಂಥದ್ದು ಏನೂ ಇಲ್ಲ.

ರೆಸ್ಯೂಮೆ, ಇಮೇಲ್‌ ಬರೆಯುವಾಗ ಸಮಯವಿರುತ್ತದೆ. ಒಮ್ಮೆ ಕಣ್ಣಾಡಿಸಿ, ಬೇಡದ ಅಬೌಟ್‌ ತೆಗೆದುಹಾಕಿ. ಮಾತನಾಡುವಾಗ ಮಾತ್ರ ಅದಕ್ಕೆ ಹೆದರಿ ಸುಮ್ಮನೆ ಕೂರಬೇಡಿ. ಒಂದು ಅಬೌಟ್‌ ಹೆಚ್ಚಾದರೂ ನಿಮ್ಮ ಮಾತು ಎದುರಿನವರಿಗೆ ಅರ್ಥವಾಗುತ್ತದೆ. ಬಾಯಿ ಬಿಡದಿದ್ದರೆ ನಿಮ್ಮ ತಲೆಯಲ್ಲಿ ಏನಿದೆ ಎಂದು ಅವರಿಗೆ ತಿಳಿಯುವುದಾದರೂ ಹೇಗೆ?