ಉಣುಗಿನ ಜ್ವರ, ಸೊಳ್ಳೆಯ ಜ್ವರ

ಒಮ್ಮೆ ಬಂದ ಜ್ವರ ಮತ್ತೆ ಬಾರದೆಂಬ ನಂಬಿಕೆಯು ದಡಾರಕ್ಕೆ ಸಲ್ಲುವುದು. ಎಲ್ಲ ಜ್ವರಗಳಿಗೂ ಸಲ್ಲದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಕಂಡುಬಂದ ಮಂಗನ ಕಾಯಿಲೆಯನ್ನು ಉಣುಗು ಹರಡುವುದು; ಡೆಂಗ್ಯೂವನ್ನು ಸೊಳ್ಳೆ. ಎರಡರ ವೈರಸ್ಸುಗಳೂ ಒಂದೇ ಕುಲದವಾದರೂ ಒಂದು ಬಂದುಹೋದವರಿಗೆ ಮತ್ತೊಂದು ತಗಲದೆಂದು ನೆಚ್ಚುವಂತಿಲ್ಲ.

ಮಂಗನ ಕಾಯಿಲೆಯ ವೈರಸ್ಸು ಒಂದೇ ಬಗೆಯದು. ಗುಣಹೊಂದಿದವರ ರಕ್ತದಲ್ಲಿ ಅದರ ಪ್ರತಿಕಾಯಗಳು ಬಹುಕಾಲ ಉಳಿಯುವುವು. (ವಾರವೊಂದೆರಡು ಬಿಟ್ಟು ಮರಳುವ ಜ್ವರವು ಅದೇ ರೋಗದ ಎರಡನೆಯ ಘಟ್ಟ, ಹೊಸ ಸೋಂಕಲ್ಲ.) ಡೆಂಗ್ಯೂವಿನಲ್ಲಿಯಾದರೋ ನಾಲ್ಕು ಬಗೆಗಳುಂಟು. ಬಂದುಹೋದ ಬಗೆಯು ಪ್ರಾಯಶಃ ಜೀವಮಾನದಲ್ಲಿ ಮರಳದು. ಉಳಿದ ಮೂರರ ವಿರುದ್ಧ ರಕ್ಷಣೆ ಕೆಲವು ತಿಂಗಳು ಮಾತ್ರ. ತರುವಾಯ ಬೇರೊಂದು ಬಗೆ ಹೊಕ್ಕರೆ, ಹಳೆಯ ಪ್ರತಿಕಾಯಗಳು ಅದಕ್ಕೆ ಅಂಟಿಕೊಂಡರೂ ಅಡಗಿಸಲಾರದೆ, ಜೀವಕೋಶದೊಳಕ್ಕೆ ಅದನ್ನು ತಾವೇ ಹೊತ್ತೊಯ್ಯಬಹುದು. ಕಾವಲುಗಾರನೇ ಕಳ್ಳನಿಗೆ ಕದ ತೆರೆದಂತೆ! ಎರಡನೆಯ ಡೆಂಗ್ಯೂ ಉಗ್ರವಾಗುವ ಭಯ ಹೆಚ್ಚಿರುವುದರಿಂದ, ಹಿಂದೆ ಬಂದಿತ್ತೆಂಬುದನ್ನು ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು.