ಒಳ್ಳೆಯ ಗುಣ ತೋಟದಿಂದ ತೋಟಕ್ಕೆ ಹಬ್ಬುವ ಬಗೆ

ಅಡಕೆ ಮರ ಏರುವವರು ಸಿಕ್ಕದೆ ಕೊಳೆರೋಗಕ್ಕೆ ಮದ್ದು ಬಿಡುವ ಕಾಲ ತಪ್ಪಿಹೋಗುವ ಕಷ್ಟ ನಮ್ಮ ಕಾಸರಗೋಡಿನ ಕೃಷಿಕರಿಗೆ ಹೊಸದಲ್ಲ. ಉದ್ದದ ದೋಟಿಗಳು ಬಂದಿವೆ, ನಿಜ. ಆದರೆ ಮರವೇ ಗಿಡ್ಡವಾಗಿದ್ದರೆ ಕೆಲಸ ಇನ್ನೂ ಹಗುರ. ಅಂಥ ಗಿಡ್ಡ ಮರ ತುಮಕೂರು ಜಿಲ್ಲೆಯ ಹಿರೇಹಳ್ಳಿಯಲ್ಲಿ ತಾನಾಗಿಯೇ ಹುಟ್ಟಿದ್ದು ಕಂಡುಬಂತು. ವಂಶವಾಹಿಯಲ್ಲಿ ಅಕಸ್ಮಾತ್ತಾಗಿ ಆಗಿ, ಮುಂದಿನ ಪೀಳಿಗೆಗೂ ಸಾಗುವ ಇಂಥ ಬದಲಾವಣೆಗೆ ಉತ್ಪರಿವರ್ತನೆ ಎಂದು ಹೆಸರು.

ಒಳ್ಳೆಯ ಗುಣ ಹುಟ್ಟಿದರೆ ತಾನಾಗಿ ಹಬ್ಬುವುದೆಂದು ನಾವು ತಿಳಿಯುತ್ತೇವೆ. ಅದು ಸರಿಯಲ್ಲ. ಕೊನೆಗಾಲದಲ್ಲಿ ಭಾರತದಲ್ಲಿಯೇ ನೆಲೆಸಿ 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ ವಿಜ್ಞಾನಿ ಹಾಲ್ಡೇನರು 1927ರಲ್ಲಿಯೇ ಇದರ ಲೆಕ್ಕ ಹಾಕಿದ್ದರು. ನೂರಕ್ಕೆ ಒಂದರಷ್ಟು ಹೆಚ್ಚು ಸಂತತಿ ಕೊಡಬಲ್ಲ ಹೊಸ ಗುಣವಾದರೂ ಅಳಿಯದೆ ಉಳಿಯುವ ಸಂಭವ ನೂರಕ್ಕೆ ಸುಮಾರು ಎರಡು ಮಾತ್ರ. ಮೊದಲಿಗೆ ಆ ಗುಣ ಇರುವುದು ಒಂದೇ ಮರದಲ್ಲಿ. ಅದು ಗಾಳಿಗೆ ಮುರಿದರೆ ಅಲ್ಲಿಗೆ ಮುಗಿಯಿತು.

ಇನ್ನು ತೋಟಗಳ ಜೋಡಣೆಯನ್ನು ನೋಡೋಣ. ಅಡಕೆಯ ಒಂದೇ ಹಿಂಗಾರದಲ್ಲಿ ಗಂಡು ಹೂಗಳು ಮೊದಲು ಅರಳಿ ಮುಗಿಯುತ್ತವೆ, ಹೆಣ್ಣು ಹೂಗಳು ಆಮೇಲೆ. ಆದುದರಿಂದ ಹೆಚ್ಚಾಗಿ ನೆರೆಮರದ ಪರಾಗವೇ ಬೇಕು. ತಾಯಿಮರದ ಗುಣ ಸಸಿಗೆ ಅರ್ಧ ಪಾಲು ಮಾತ್ರ. ಬದಿಯಡ್ಕ, ಎಣ್ಮಕಜೆ, ಬೆಳ್ಳೂರು ಕಡೆಗಳಲ್ಲಿ ತೋಟಗಳು ಗುಡ್ಡಗಳ ನಡುವಿನ ತಗ್ಗುಗಳಲ್ಲಿವೆ. ಮರಗಳು ಕಡಿಮೆಯಿರುವ ತಗ್ಗಿನಲ್ಲಿ ಗುಣಕ್ಕಿಂತ ಅದೃಷ್ಟದ ಕೈ ಮೇಲಾಗುವುದು. ಹೊಸ ಗುಣ ಅಲ್ಲಿ ಬೇಗ ತುಂಬಲೂಬಹುದು, ಬೇಗ ಅಳಿಯಲೂಬಹುದು. ಗುಡ್ಡ ದಾಟಬೇಕಾದರೆ ಬೀಜವನ್ನು ಯಾರಾದರೂ ಒಯ್ಯಲೇಬೇಕು.

ಎಲ್ಲರೂ ಒಂದೇ ಕಡೆಯಿಂದ ಸಸಿ ತಂದರೆ ಸಾಲದೇ? ಸಾಲದು. ಬೀಜ ಅಲ್ಲಿಂದ ಹೊರಗೆ ಮಾತ್ರ ಹರಿದು, ಮರಳಿ ಏನೂ ಹೋಗದಿದ್ದರೆ, ನಿಮ್ಮ ತೋಟದಲ್ಲಿ ಹುಟ್ಟಿದ ಒಳ್ಳೆಯ ಗುಣ ನಿಮ್ಮಲ್ಲಿಯೇ ಕೊನೆಗೊಳ್ಳುವುದು. ತೊರೆಯ ಕೆಳಗಿನ ನೀರು ಮೇಲಿನ ಗದ್ದೆಗೆ ಏರುವುದುಂಟೇ? ಅಲ್ಲದೆ ಆ ಒಂದು ಮೂಲದ ಕೊರತೆಯೂ ಎಲ್ಲ ತೋಟಗಳಿಗೆ ಹಂಚಿಹೋಗುವುದು. ಕೇಂದ್ರಕ್ಕೆ ತೋಟಗಳಿಂದ ಬೀಜ ಬಂದು, ಅಲ್ಲಿ ಪರೀಕ್ಷೆಯಾಗಿ, ಮತ್ತೆ ತೋಟಗಳಿಗೆ ಹೋದರೆ ಮಾತ್ರ ಒಳ್ಳೆಯ ಗುಣಕ್ಕೆ ಬಲ ಬರುತ್ತದೆ.

ಹಿರೇಹಳ್ಳಿಯ ಗಿಡ್ಡ ತಳಿಗೆ ಆದದ್ದು ಇದೇ. ಕಾಡಿನಲ್ಲಾದರೆ ಬೆಳಕಿನ ಪೈಪೋಟಿಯಲ್ಲಿ ಅದು ಸೋಲುತ್ತಿತ್ತು. ಅದರ ಅಡಕೆಯೂ ಉತ್ತಮವಲ್ಲ. ಆದರೆ 1956ರಲ್ಲಿ ಆರಂಭವಾದ ವಿಟ್ಲದ ಸಂಶೋಧನ ಕೇಂದ್ರದಲ್ಲಿ ಅದನ್ನು ಸುಮಂಗಳ, ಮೋಹಿತ್‌ನಗರ ತಳಿಗಳೊಡನೆ ಸಂಕರ ಮಾಡಿ, ಎರಡು ಗಿಡ್ಡ ಸಂಕರ ತಳಿಗಳನ್ನು ಪಡೆದರು.

ಆದುದರಿಂದ ಕೃಷಿಕ ಬಾಂಧವರು ಮೂರು ಮಾತು ನೆನಪಿಡಬೇಕು. ಬೀಜದಡಕೆಯನ್ನು ಒಂದೇ ಮರದಿಂದ ಆರಿಸದೆ ಹಲವು ಉತ್ತಮ ಮರಗಳಿಂದ ಆರಿಸಿರಿ. ನೆರೆಯೂರಿನವರೊಡನೆ ಬೀಜ ವಿನಿಮಯ ಮಾಡಿರಿ. ರೋಗದ ತೋಟದ ಸಸಿಗಳು ಮಾತ್ರ ಬೇಡ. ಹಳದಿ ರೋಗ ತಗಲಿದ ತೋಟದಲ್ಲಿ ಒಂದು ಮರ ವರ್ಷಗಟ್ಟಲೆ ಹಸುರಾಗಿಯೇ ನಿಂತಿದ್ದರೆ, ಕಡಿಯುವ ಮೊದಲು ಅದಕ್ಕೊಂದು ಗುರುತು ಹಾಕಿ ಕಾಸರಗೋಡಿನ ಅಥವಾ ವಿಟ್ಲದ ಕೇಂದ್ರಕ್ಕೆ ತಿಳಿಸಿರಿ. ಅದು ರೋಗ ಇನ್ನೂ ಮುಟ್ಟದ ಮರವಷ್ಟೇ ಆಗಿರಬಹುದು. ಹಾಗಲ್ಲದಿದ್ದರೆ, ಆ ಗುಣಕ್ಕೆ ಗುಡ್ಡ ದಾಟುವ ದಾರಿ ತೋರಿಸುವವರು ನೀವೇ.