ಹಳೆಯ ಕಾರಿನ ಡ್ರಮ್ ಬ್ರೇಕ್: ತಪ್ಪು ಕಲ್ಪನೆ ಮತ್ತು ಸತ್ಯ

ಹಳೆಯ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ ಕಾರುಗಳ ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕ್. ಬ್ರೇಕ್ ಸರಿಯಾಗಿ ಹಿಡಿಯದಿದ್ದರೆ ಲೈನರ್ ಸವೆದಿದೆ, ಹೊಸ ಶೂ ಹಾಕಿದರೆ ಮುಗಿಯಿತು ಎಂದು ಬಹಳ ಜನ ನಂಬಿದ್ದಾರೆ. ಆದರೆ ದೋಷ ಶೂಗಳನ್ನು ಡ್ರಮ್ಮಿಗೆ ಒತ್ತುವ ವೀಲ್ ಸಿಲಿಂಡರಿನಲ್ಲಿದ್ದರೆ, ಅಲ್ಲಿಂದ ಸೋರುವ ಬ್ರೇಕ್ ಆಯಿಲ್ ಕುಡಿದು ಹೊಸ ಶೂ ಕೂಡ ಬೇಗನೆ ಹಾಳಾಗುತ್ತದೆ.

ಎಲ್ಲಿ ಕೆಟ್ಟಿದೆ ಎಂಬುದನ್ನು ಪೆಡಲ್ಲೇ ಬಹುಮಟ್ಟಿಗೆ ಹೇಳುತ್ತದೆ. ಮೊದಲ ಸಲ ಕೆಳಗೆ ಹೋಗಿ, ಎರಡು ಮೂರು ಸಲ ಒತ್ತಿದ ಬಳಿಕ ಮೇಲೆ ಬಂದು ಗಟ್ಟಿಯಾಗಿ ನಿಂತರೆ, ಸಾಮಾನ್ಯವಾಗಿ ಶೂಗೂ ಡ್ರಮ್ಮಿಗೂ ನಡುವಿನ ಅಂತರ ಹೆಚ್ಚಾಗಿರುತ್ತದೆ. ಒತ್ತಿದಾಗ ಸ್ಪಂಜಿನಂತೆ ಮೆತ್ತಗಿದ್ದರೆ ಪೈಪಿನಲ್ಲಿ ಗಾಳಿ ಸೇರಿರಬಹುದು. ಒತ್ತಿ ಹಿಡಿದಿರುವಾಗಲೇ ಮೆಲ್ಲಗೆ ಇಳಿಯುತ್ತ ಹೋದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಪೆಡಲ್ ಒತ್ತುವ ಮಾಸ್ಟರ್ ಸಿಲಿಂಡರಿನ ರಬ್ಬರ್ ಕಪ್ ಸೋತಿದೆ. ಮೂರಕ್ಕೂ ಏರ್ ತೆಗೆಯುವುದೊಂದೇ ಮದ್ದಲ್ಲ.

ಡ್ರಮ್ ಬಿಚ್ಚಿದೊಡನೆ ಗಾಳಿಯ ಪೈಪಿನಿಂದ ಧೂಳು ಹಾರಿಸುವುದು ಅನೇಕ ಗ್ಯಾರೇಜುಗಳ ರೂಢಿ. ಇದು ನಿಲ್ಲಲೇಬೇಕು. ಹಳೆಯ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು. ಅದರ ಎಳೆಗಳು ಶ್ವಾಸಕೋಶಕ್ಕೆ ಸೇರಿದರೆ ದಶಕಗಳ ನಂತರವೂ ಕ್ಯಾನ್ಸರ್ ಬರಬಹುದು. ಧೂಳನ್ನು ನೀರಿನಿಂದಲೋ ಬ್ರೇಕ್ ಕ್ಲೀನರಿನಿಂದಲೋ ನೆನೆಸಿ, ಬಟ್ಟೆಯಿಂದ ಒರೆಸಿ ತೆಗೆಯುವುದೇ ಸರಿ.

ವೀಲ್ ಸಿಲಿಂಡರಿನ ತುದಿಯ ರಬ್ಬರ್ ಹೊದಿಕೆಯನ್ನು ಸ್ವಲ್ಪ ಎತ್ತಿ ನೋಡಬೇಕು. ಒಳಗೆ ಒದ್ದೆ ಇದ್ದರೆ ಕಪ್ ಸೋರುತ್ತಿದೆ. ಬಿಚ್ಚಿದ ಭಾಗಗಳನ್ನು ಪೆಟ್ರೋಲು, ಸೀಮೆಎಣ್ಣೆಯಲ್ಲಿ ತೊಳೆದರೆ ಚೊಕ್ಕಟವಾಗುತ್ತವೆ, ನಿಜ. ಆದರೆ ಅವುಗಳ ಪಸೆ ತಗುಲಿದ ರಬ್ಬರ್ ಉಬ್ಬಿ ಸಿಕ್ಕಿಕೊಳ್ಳುತ್ತದೆ. ತೊಳೆಯಲು ಹೊಸ ಬ್ರೇಕ್ ಆಯಿಲ್ಲೇ ಆಗಬೇಕು. ಸಿಲಿಂಡರಿನ ಒಳಗೋಡೆಯಲ್ಲಿ ತುಕ್ಕು ತಿಂದ ಗುಳಿಗಳಿದ್ದರೆ ಹೊಸ ಕಪ್ ಕೂಡ ನಿಲ್ಲದು.

ಆಯಿಲ್ ಕುಡಿದ ಲೈನರನ್ನು ಸುಟ್ಟೋ ಉಜ್ಜುಕಾಗದದಿಂದ ತಿಕ್ಕಿಯೋ ಉಳಿಸಬಹುದೆಂಬ ನಂಬಿಕೆಯೂ ಇದೆ. ಬಿಸಿಯೇರಿದಾಗ ಒಳಗಿನ ಆಯಿಲ್ ಮತ್ತೆ ಮೇಲೆ ಬರುತ್ತದೆ. ಹಾಗಾಗಿ ಅಂಥ ಲೈನರನ್ನು ಬದಲಿಸಲೇಬೇಕು; ಒಂದು ಕಡೆ ಬದಲಿಸಿದರೆ ಎದುರಿನ ಚಕ್ರದಲ್ಲೂ ಬದಲಿಸಬೇಕು. ಇಲ್ಲದಿದ್ದರೆ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ.

ಬ್ರೇಕ್ ಆಯಿಲ್ ಕಡಿಮೆಯಾದಾಗ ತುಂಬಿಸಿದರೆ ಸಾಕು ಎನ್ನುವುದೂ ತಪ್ಪು. ಡಾಟ್ 3 ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಹೊಸದಕ್ಕೆ ಕುದಿಯುವ ಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕು. ತೇವ ಸೇರಿದ ಮೇಲೆ ಅದು 140ರ ಆಸುಪಾಸಿಗೆ ಇಳಿಯಬಹುದು. ಚಾರ್ಮಾಡಿಯಂಥ ಘಾಟಿಯಲ್ಲಿ ಬ್ರೇಕ್ ಒತ್ತುತ್ತಲೇ ಇಳಿದರೆ ಆಯಿಲ್ ಕುದಿದು ಆವಿಯಾಗಿ ಪೆಡಲ್ ತಳಕ್ಕೆ ಹೋದೀತು.

ಡ್ರಮ್ ಬ್ರೇಕಿಗೆ ಬಲವೇ ಇಲ್ಲ ಎಂದು ದೂರುವುದು ನ್ಯಾಯವಲ್ಲ. ತಿರುಗುವ ಡ್ರಮ್ ಮುಂದಿನ ಶೂವನ್ನು ತಾನೇ ಒಳಕ್ಕೆಳೆದು ಬಿಗಿಸಿಕೊಳ್ಳುವುದರಿಂದ ಪೆಡಲ್ಲಿಗೆ ಕಡಿಮೆ ಒತ್ತಡ ಸಾಕು. ಅದರ ನಿಜವಾದ ಶತ್ರು ಶಾಖ. ಹಾಗಾಗಿ ಚೆನ್ನಾಗಿ ಹಿಡಿಯಲೆಂದು, ಶೂವಿನ ಅಂತರ ಹೊಂದಿಸುವ ಅಡ್ಜಸ್ಟರನ್ನು ಅತಿ ಬಿಗಿ ಮಾಡಿದರೆ ಶೂ ಸದಾ ಉಜ್ಜುತ್ತ ಡ್ರಮ್ ಕಾಯುತ್ತದೆ. ಚಕ್ರ ತಿರುಗದಷ್ಟು ಬಿಗಿದು, ಸಲೀಸಾಗಿ ತಿರುಗುವವರೆಗೆ ಸಡಿಲಿಸಬೇಕು. ಹೊಸ ಲೈನರ್ ಡ್ರಮ್ಮಿಗೆ ಪೂರ್ತಿ ಕೂರಲು ಕೆಲಕಾಲ ಬೇಕು. ಆಮೇಲೆ ಇನ್ನೊಮ್ಮೆ ಅಡ್ಜಸ್ಟ್ ಮಾಡಬೇಕಾಗುತ್ತದೆ.